ಮಾವನವರೂ ಸಿನಿಮಾದ ಆ ತಲೆಹರಟೆಯೂ

ಸಿನಿಮಾದಲ್ಲಿ ಹೀರೋ ಪಕ್ಕ ಸದಾ ಒಬ್ಬ ಇರುತ್ತಾನಲ್ಲ, ಮೊದಲ ದೃಶ್ಯದಿಂದ ಕೊನೆಯ ಗ್ರೂಪ್ ಫೋಟೊವರೆಗೆ ತಮಾಷೆ ಬಿಟ್ಟು ಬೇರೆ ಮಾತೇ ಆಡದವನು, ಅವನನ್ನು ಕಂಡರೆ ನಿಮಗೆ ಮುದ್ದು ಬರುತ್ತದೋ, ಮೈ ಉರಿಯುತ್ತದೋ? ನನಗಂತೂ ಇಂಟರ್‌ವಲ್‌ವರೆಗೆ ಮುದ್ದು, ಆಮೇಲೆ ಉರಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು; ಪುರಾವೆ ಸಿಗುವ ತನಕ ಯಾವ ಪಕ್ಷಕ್ಕೂ ಸೇರದಿರಲು ಅದೊಂದು ಅನುಕೂಲದ ನೆಪ. ಆದರೆ ಗುಬ್ಬಿಯ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ನಡುದಾರಿ ಇರಲಿಲ್ಲ.

ನಮ್ಮ ಮಾವ ನಿವೃತ್ತ ಕನ್ನಡ ಮೇಷ್ಟ್ರು. ನಗುವುದು ತಪ್ಪೆಂದು ಅವರು ಯಾವತ್ತೂ ಹೇಳಿದವರಲ್ಲ; ಅವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ. ಅತ್ತೆ ಕುಣಿಗಲ್ ಕಡೆಯವರು, ಒಗ್ಗರಣೆ ಮುಖಕ್ಕೆ ಸಿಡಿದರೂ ನಗುವವರು. ಟಿವಿಯಲ್ಲಿ ಭಾನುವಾರದ ಸಿನಿಮಾ ಶುರುವಾಯಿತೆಂದರೆ ಇಬ್ಬರಿಗೂ ಜಗಳ. ಒಂದು ಸಿನಿಮಾದಲ್ಲಿ ಹೀರೋನ ಮನೆಗೆ ಬೆಂಕಿ ಬಿದ್ದಿತ್ತು. ನಮ್ಮ ನಗೆಗಾರ ಬಿಂದಿಗೆ ಹಿಡಿದು ಓಡುತ್ತಲೇ ತನ್ನ ಮಾಮೂಲಿ ಡೈಲಾಗು ಬಿಟ್ಟ: "ಪಾಪಪ್ಪಾ, ಬಿಡಪ್ಪಾ, ಭಯ ಬೇಡಪ್ಪಾ!"

"ಮನೆ ಉರೀತಾ ಐತೆ, ಇವ್ನು ಹಲ್ ಕಿರೀತಾನೆ. ತಲೆಹರಟೆ!" ಎಂದರು ಮಾವ.

"ಅತ್ರೆ ಬೆಂಕಿ ಆರೋಯ್ತದಾ? ಕೈಯಲ್ಲಿ ಬಿಂದಿಗೆ ಅದೆ, ಕಾಣಕಿಲ್ವಾ? ನೀರೂ ಹೊಯ್ತಾನೆ, ನಗ್ತಾನೂ ನಗ್ತಾನೆ" ಎಂದರು ಅತ್ತೆ.

ಬೀದಿಗೊಂದು ಸಿಡಿ ಅಂಗಡಿ ಎದ್ದ ಕಾಲಕ್ಕೆ ಈ ಜಗಳ ಇನ್ನಷ್ಟು ಸಲೀಸಾಯಿತು. ಭಾನುವಾರಕ್ಕೆ ಕಾಯಬೇಕಾಗಿರಲಿಲ್ಲ.

ಅಂಥ ದಿನಗಳಲ್ಲೊಂದು ಬೆಳಗ್ಗೆ ಮಾವ ಜಗಲಿಯಿಂದ ಕೂಗಿದರು: "ಹೇಹರ್ ಹಂತಾ?"

ನಾನು ಅಡುಗೆಮನೆಯಿಂದ ಓಡಿಬಂದೆ. ಪೇಪರ್ ಬಂತಾ ಎಂದು ಕೇಳುತ್ತಿದ್ದರು. ಅವರ ಮುಖದ ಬಲಭಾಗ ಜೋತುಬಿದ್ದಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ, ಕಾಫಿ ತುಟಿಯಂಚಿನಿಂದ ಅಂಗಿಗೆ ಇಳಿದಿತ್ತು. ಹಳಗನ್ನಡದ ಪಾಲು ಹೊಸಗನ್ನಡದ ಹಾಲಾಗಲು, ಪೂವು ಹೂವಾಗಲು ಶತಮಾನಗಳು ಹಿಡಿದವು ಎಂದು ಸರ್ವೀಸು ಪೂರ್ತಿ ಪಾಠ ಮಾಡಿದವರು ಅವರು. ಅವರ ಬಾಯಲ್ಲೇ ಒಂದು ಬೆಳಗಿಗೆ ಪಕಾರ, ಬಕಾರವೆಲ್ಲ ಹಕಾರವಾಗಿ ಕೂತಿತ್ತು. ಈಗ ಬರೆಯುವಾಗ ತಮಾಷೆ ಅನ್ನಿಸುತ್ತದೆ. ಆವತ್ತು ಅತ್ತೆ ನಗುವುದನ್ನು ಮರೆತದ್ದನ್ನು ನಾನು ಮೊದಲ ಸಲ ನೋಡಿದೆ.

ನನ್ನ ಯಜಮಾನರು ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜಾ ಹಾಕಿ, ಎಲ್ಲರನ್ನೂ ಕಾರು ಮಾಡಿ ತುಮಕೂರಿನ ಡಾಕ್ಟರ ಹತ್ತಿರ ಕರೆದೊಯ್ದರು. ಲಕ್ವ ಅಲ್ಲ, ಮುಖದ ನರ ಮಾತ್ರ ಊದಿಕೊಂಡಿದೆ, ಸಾಮಾನ್ಯವಾಗಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಆಮೇಲೆ, "ಎಲ್ಲಿ, ಒಂದ್ಸಲ ನಗಿ ಸಾರ್" ಎಂದರು.

ಮಾವ ನಗಲಿಲ್ಲ. ಡಾಕ್ಟರು ನಮ್ಮ ಕಡೆ ತಿರುಗಿ, "ಮುಂಚೆ ಹೆಂಗೆ ನಗ್ತಾ ಇದ್ರು?" ಎಂದು ವಿಚಾರಿಸಿದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅತ್ತೆಯೇ ಬಾಯಿಬಿಟ್ಟರು: "ನಾವ್ಯಾರೂ ನೋಡಿಲ್ಲ ಡಾಕ್ಟ್ರೇ."

ಮಾತ್ರೆ ಬರೆದುಕೊಟ್ಟರು, ಕಣ್ಣಿಗೆ ಹಾಕಲು ಡ್ರಾಪ್ಸ್ ಕೊಟ್ಟರು. ನಿತ್ಯ ಕನ್ನಡಿ ಮುಂದೆ ನಿಂತು ಹುಬ್ಬೇರಿಸಬೇಕು, ಮೂಗು ಸೊಟ್ಟ ಮಾಡಬೇಕು, ಕೆನ್ನೆ ಉಬ್ಬಿಸಬೇಕು, ತುಟಿ ಒತ್ತಿ ಹಿಡಿಯಬೇಕು ಎಂದು ತಾವೇ ಮಾಡಿ ತೋರಿಸಿದರು. ಮನೆಗೆ ಬಂದ ಮೇಲೆ ಮಾವ ಕನ್ನಡಿಯನ್ನೇ ಗೋಡೆಯ ಕಡೆ ತಿರುಗಿಸಿಟ್ಟರು. ಇಷ್ಟು ವರ್ಷ ಮಕ್ಕಳ ಕಪಿಚೇಷ್ಟೆ ಬಿಡಿಸಿದವರು ತಾವೇ ಅದನ್ನು ಮಾಡುತ್ತಾರೆಯೇ? ಟವೆಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಒಳಗೆ ಕೂತರು. ಬಸ್‌ಸ್ಟ್ಯಾಂಡ್ ಕಡೆ ಹೋಗುವುದು ನಿಂತಿತು, ಹಳೆಯ ಶಿಷ್ಯರು ಬಂದರೆ ಮಲಗಿದ್ದಾರೆ ಎಂದು ಹೇಳಿಸುತ್ತಿದ್ದರು. ಮಾತಂತೂ ಪೂರ್ತಿ ನಿಂತಿತು. ಊಟವೊಂದಕ್ಕೆ ತೊಂದರೆಯಾಗಲಿಲ್ಲ, ರಾಗಿಮುದ್ದೆ ನುಂಗುವವರಿಗೆ ಕೆನ್ನೆಯ ಹಂಗೇನು?

"ಬೋದ್ರೂ ಬೋಯ್ಲಿ ಕಣವ್ವ, ಈ ಮೌನ ನನ್ಗೆ ತಡಿಯಕಾಗ್ತಿಲ್ಲ" ಎಂದು ಅತ್ತೆ ನನ್ನ ಹತ್ತಿರ ಕಣ್ಣೊರೆಸಿಕೊಂಡರು. ಮಾರನೆಯ ದಿನ ಮಗನಿಗೆ ಹೇಳಿ ಅದೇ ನಗೆಗಾರನ ಸಿಡಿಗಳನ್ನು ತರಿಸಿದರು. ನಗಿಸಿಬಿಡೋಣ ಎಂಬುದು ಅವರ ಉಪಾಯ. ಮಧ್ಯಾಹ್ನವಾಯಿತೆಂದರೆ ಮಾವನ ಕುರ್ಚಿಯೆದುರು ಟಿವಿ ಶುರು.

ಉಪಾಯ ನೆಲಕಚ್ಚಿತು. ಮಾವ ಒಂದು ದಿನವೂ ನಗಲಿಲ್ಲ. ಬದಲಿಗೆ ಸಿಟ್ಟು ಬಂತು. ಅವನು ಪೊಲೀಸ್ ಸ್ಟೇಷನ್ನಿನಲ್ಲಿ ತಮಾಷೆ ಮಾಡಿದರೆ ಇವರು ಹುಬ್ಬೇರಿಸುವರು. ಆಸ್ಪತ್ರೆಯಲ್ಲಿ ಮಾಡಿದರೆ ಮೂಗು ಸೊಟ್ಟ. ಹೆಣದ ಮುಂದೆ ಮಾಡಿದರೆ ಕೆನ್ನೆ ಉಬ್ಬಿಸಿ ಉಫ್ ಎಂದು ಗಾಳಿ ಬಿಟ್ಟು, ತುಟಿ ಬಿಗಿಹಿಡಿದು ತಲೆಯಾಡಿಸುವರು. ಸ್ಕೂಲಿಗೆ ರಜೆಯಿದ್ದ ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಡಾಕ್ಟರು ಮಾಡಿ ತೋರಿಸಿದ್ದ ವ್ಯಾಯಾಮವೆಲ್ಲ ಒಂದೂ ಬಿಡದೆ, ಚಾಚೂ ತಪ್ಪದೆ ನಡೆಯುತ್ತಿತ್ತು! ಅತ್ತೆಯನ್ನು ಒಳಗೆ ಕರೆದು ಗುಟ್ಟಾಗಿ ಹೇಳಿದೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹಂಗಾರೆ ಇನ್ನೂ ತಲೆಹರಟೆ ಇರೋ ಪಿಕ್ಚರೇ ತರ್ಸಾನ."

ಮಾತ್ರೆ ಕೆಲಸ ಮಾಡಿತು, ಕಾಲ ಕೆಲಸ ಮಾಡಿತು ಎಂದು ವಿಜ್ಞಾನದ ಟೀಚರಾದ ನಾನು ಒಪ್ಪಲೇಬೇಕು. ಆದರೆ ನಡೆದದ್ದನ್ನು ನಡೆದಂತೆ ಹೇಳಬೇಕಲ್ಲ. ಕೆಲವು ವಾರಗಳ ಮೇಲೆ ಬೆಂಕಿ ಬಿದ್ದ ಆ ಹಳೆಯ ಸಿನಿಮಾವೇ ಮತ್ತೆ ಬಂತು. ಅವನು ಬಿಂದಿಗೆ ಹಿಡಿದು ಓಡಿದ್ದೇ ತಡ, ಮಾವನಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದು ಅವನನ್ನು ಅಣಕಿಸಿದರು: "ಇದೂ ಒಂದ್ ಡೈಲಾಗಾ? ಪಾಪಪ್ಪಾ, ಬಿಡಪ್ಪಾ, ಭಯ ಬೇಡಪ್ಪಾ! ಥೂ!"

ಅತ್ತೆ ರಿಮೋಟ್ ಕೆಳಗೆ ಬೀಳಿಸಿದರು. "ಇನ್ನೊಂದ್ಸಲ ಹೇಳಿ!"

"ಏನನ್ನೇ?"

"ಅದೇ, ಈಗಂದ್ರಲ್ಲ!"

ಮಾವ ತುಟಿ ಮುಟ್ಟಿ ನೋಡಿಕೊಂಡರು. ಮೆಲ್ಲಗೆ, ಮೊದಲ ದಿನ ಸ್ಲೇಟು ಹಿಡಿದವರ ಹಾಗೆ, "ಪ" ಎಂದರು. ಆಮೇಲೆ "ಫ, ಬ, ಭ". ಕೊನೆಗೆ "ಮ" ಎನ್ನುವಾಗ ದನಿ ಬೀದಿಗೇ ಕೇಳಿಸುವಷ್ಟಾಗಿತ್ತು. ತುಟಿಯಲ್ಲಿ ಹುಟ್ಟುವ ಅಕ್ಷರಗಳು, ಓಷ್ಠ್ಯಗಳೆಲ್ಲ ಮರಳಿ ಬಂದಿದ್ದವು. ಮಾವ ನಕ್ಕುಬಿಟ್ಟರು. ಮೊದಲು ಸ್ವಲ್ಪ ಸೊಟ್ಟಗೆ, ಆಮೇಲೆ ಇಡೀ ಮುಖದಿಂದ.

ಅತ್ತೆ ಅವರ ಕೆನ್ನೆಯನ್ನೇ ದಿಟ್ಟಿಸುತ್ತ ನಿಂತರು. "ಅಯ್ಯೋ, ನಿಮ್ಗೆ ಗುಳಿ ಬೀಳ್ತದಲ್ರೀ! ಇಷ್ಟ್ ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?"

ಮಾವ ನಾಚಿಕೊಂಡರು. ನಾನು ಹಾಲು ಕಾಯಿಸುವ ನೆಪದಲ್ಲಿ ಒಳಗೆ ಹೋದೆ.

ಕೊನೆಯ ತಪಾಸಣೆಗೆಂದು ಮತ್ತೆ ತುಮಕೂರಿಗೆ ಹೋದಾಗ ಮಾವ, ಅತ್ತೆಯ ಜೊತೆಗೆ ನಾನೊಬ್ಬಳೇ. ಡಾಕ್ಟರು ಕೇಳುವ ಮೊದಲೇ ಮಾವ ನಕ್ಕು ತೋರಿಸಿದರು. ಇನ್ನು ಬರುವುದು ಬೇಡ ಎಂದರು ಡಾಕ್ಟರು. ಬಸ್‌ಸ್ಟ್ಯಾಂಡಿಗೆ ಬಂದು ಗುಬ್ಬಿ ಬಸ್ಸಿನ ಹತ್ತಿರ ನಿಂತಾಗ ಮಾವ ಗಂಟಲು ಸರಿಮಾಡಿಕೊಂಡರು. "ನೀನು ಹೋಗಿರಮ್ಮ. ನಾವು ಸಾಯಂಕಾಲ ಬರ್ತೀವಿ."

"ಎಲ್ಲಿಗೆ ಹೋಗ್ತೀರಾ ಮಾವ?"

ಮಾವ ಬಸ್ಸಿನ ಬೋರ್ಡು ಓದತೊಡಗಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಮದುವಣಗಿತ್ತಿಯ ಹಾಗೆ ನನ್ನ ಕಿವಿಯ ಹತ್ತಿರ ಬಂದರು. "ಅವ್ನ ಹೊಸಾ ಪಿಕ್ಚರ್ ಬಂದದಂತೆ ಕಣವ್ವ. ಇಬ್ರೂ ಬೋಯ್ಯಕ್ ಹೋಯ್ತಾ ಇದೀವಿ."