ಗದಿಗೆಮ್ಮ ತಿದ್ದಿದ ಒಂದು ಮಾತು

ಕನ್ನಡನಾಡಿನ ಗಡಿಯಾಚೆ, ಲಿಂಗಂಪಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೆಳಗಿನ ಜಾವ; ಇನ್ನೂ ದೀಪಗಳು ಆರಿಲ್ಲ. ಆಯಾ ಗದಿಗೆಮ್ಮ ಬೆಡ್‌ಪ್ಯಾನ್ ತೊಳೆದಿಟ್ಟು ಸೆರಗಿಗೆ ಕೈ ಒರೆಸುತ್ತಿರುವಾಗಲೇ ತುರ್ತು ವಿಭಾಗದಿಂದ ಕರೆ. ಕನ್ನಡದವರು ಯಾರೋ ಬಂದಿದ್ದಾರೆ. ಅವರ ಮಾತು ಡಾಕ್ಟರಿಗೆ ತಿಳಿಯುತ್ತಿಲ್ಲ.

ಸಿಂಧನೂರಿನಿಂದ ಹೊಸದಾಗಿ ಬಂದ ಸುಗಲಮ್ಮ ಹೊಟ್ಟೆ ಹಿಡಿದು ಮುದುಡಿದ್ದಾಳೆ. ಐಟಿ ಕಂಪನಿಯ ಕ್ಯಾಬ್ ಓಡಿಸುವ ಗಂಡ ಚನ್ನಬಸಪ್ಪ ಕೌಂಟರಿನಲ್ಲಿದ್ದಾನೆ.

"ಮೊದ್ಲ ಹೊಕ್ಕಳ ಸುತ್ತ ನೋಯ್ತಿತ್ತವ್ವ, ಈಗ ಬಲಕ್ಕ ಇಳದೈತಿ," ಎನ್ನುತ್ತಾಳೆ ಸುಗಲಮ್ಮ.

"ಪೈಲೇ ಸೇ ದರ್ದ್ ಹೈ ಸಾಬ್," ಎಂದು ಗದಿಗೆಮ್ಮ ತನ್ನ ದಖನಿ ಉರ್ದುವಿನಲ್ಲಿ ಒಪ್ಪಿಸುತ್ತಾಳೆ. ಡಾ. ತರುಣ್ 'ಬಹಳ ಕಾಲದ ನೋವು' ಎಂದು ಬರೆದುಕೊಳ್ಳುತ್ತಾರೆ.

ಗದಿಗೆಮ್ಮ ಮೊದಲು ಬೇಗಂ ಬಜಾರಿನ ಗಲ್ಲಿಯ ನರ್ಸಿಂಗ್ ಹೋಮಿನಲ್ಲಿದ್ದವಳು. ಅಲ್ಲಿನ ಡಾಕ್ಟರಿಗೆ ರೋಗಿಯ ಅತ್ತೆ, ನಾದಿನಿಯರ ಪರಿಚಯವೂ ಇರುತ್ತಿತ್ತು. "ಆಗ ಡಾಕ್ಟರಿಗೆ ಹೇಳಿದ ಮಾತು ಡಾಕ್ಟರ ಹತ್ರನ ಇರ್ತಿತ್ರಿ. ಈಗ ಅದು ಫ್ಯಾಕ್ಸಿನಾಗ ಮುಂಬೈಯ ಇನ್ಶೂರೆನ್ಸ್ ಆಫೀಸು ಮುಟ್ಟತೈತಿ," ಎನ್ನುತ್ತಾಳೆ. ಹಾಗೆಂದು ಹಳೆಯದನ್ನು ಹೊಗಳುವವಳಲ್ಲ. "ಆಗ ಆಪರೇಷನ್ ಅಂದ್ರ ಓಲಿ ಮಾರಿ ಹೆಣ್ಮಕ್ಕಳ ಕಿವಿ ಬರಿದಾಗ್ತಿದ್ವು. ಇನ್ಶೂರೆನ್ಸ್ ಬಂದದ್ದು ಚಲೋನ ಆತು."

ಹೊತ್ತೇರಿದ ಮೇಲೆ ವಿಮೆ ಕಂಪನಿಯ ಉತ್ತರ ಬರುತ್ತದೆ: ಹಳೆಯ ಕಾಯಿಲೆ, ಹಣ ಕೊಡಲಾಗದು. ಚಾಲಕರ ಕುಟುಂಬಗಳಿಗೆ ಪಾಲಿಸಿ ಮಾಡಿಸಿದ್ದೇ ಈಚೆಗೆ; ಅದಕ್ಕೂ ಮೊದಲಿನ ಕಾಯಿಲೆ ಅದರಲ್ಲಿ ಸೇರದು. ಅಪೆಂಡಿಕ್ಸ್ ಊದಿದೆ, ಒಡೆದರೆ ಜೀವಕ್ಕೇ ಅಪಾಯ. ಆದರೂ ಇಲ್ಲಿ ಕಟ್ಟಲು ಹಣವಿಲ್ಲದ ಚನ್ನಬಸಪ್ಪ ಹೆಂಡತಿಯನ್ನು ದೂರದ ಸರ್ಕಾರಿ ಆಸ್ಪತ್ರೆಗೆ ಒಯ್ಯಲು ಎದ್ದು ನಿಲ್ಲುತ್ತಾನೆ. "ಹಳೇ ಬ್ಯಾನಿ ಅಂತ ಯಾರ ಹೇಳಿದ್ರವ್ವ? ನಿನ್ನೆ ಮಧ್ಯಾಹ್ನ ರೊಟ್ಟಿ ಬಡದು ನನಗ ಬುತ್ತಿ ಕಟ್ಟ್ಯಾಳ!"

ಗದಿಗೆಮ್ಮನ ಕೈಯ ಒರೆಸುವ ಕೋಲು ನಿಲ್ಲುತ್ತದೆ. ಸುಗಲಮ್ಮ ಹೇಳಿದ 'ಮೊದ್ಲ' ಎಂದರೆ ನೋವು ಶುರುವಾದ ಜಾಗ. ತಾನು ಹೇಳಿದ 'ಪೈಲೇ ಸೇ' ಎಂದರೆ ಹಿಂದಿನಿಂದಲೂ ಇದ್ದದ್ದು.

ಕೋಲನ್ನು ಗೋಡೆಗೆ ಒರಗಿಸಿ ನೇರ ಡಾಕ್ಟರ ಬಳಿ ಹೋಗಿ, ದಖನಿಯಲ್ಲೇ ತನ್ನ ತಪ್ಪನ್ನು ಹೇಳುತ್ತಾಳೆ. ತರುಣ್ ಗಾಬರಿಯಾಗುತ್ತಾರೆ. ನೋವು ಹೊಕ್ಕಳಿನಿಂದ ಬಲಕ್ಕೆ ಸರಿದದ್ದು ಈ ಕಾಯಿಲೆಯ ಲಕ್ಷಣವೇ. ಆದರೆ ನಿರಾಕರಿಸಿದ ಮೇಲೆ ಬರೆದದ್ದನ್ನು ತಿದ್ದಿದರೆ, ವಿಮೆ ಕಂಪನಿಯವರು ಇದು ಹೇಳಿಕೊಟ್ಟ ಮಾತು ಎನ್ನುವುದಿಲ್ಲವೇ ಎಂದು ಕೇಳುತ್ತಾರೆ.

"ನನ್ನ ಹೆಸರ ಹಾಕ್ರಿ ಸಾಹೇಬ್ರ. ಆಯಾ ಗದಿಗೆಮ್ಮ ತಪ್ಪ ಹೇಳಿದ್ಳು ಅಂತ ಬರೀರಿ."

ಆಯಾಗಳ ಮೇಸ್ತ್ರಿ ಭವಾನಿ ಕಣ್ಣು ಕೆಕ್ಕರಿಸುತ್ತಾಳೆ. "ನಿನ್ನ ಕೆಲಸ ನೆಲ ಒರಸೋದು. ನಾಳೆ ಗುತ್ತೇದಾರ ಕೆಲಸದಿಂದ ತಗದ್ರ?"

"ತಗೀಲಿ. ಮೊದ್ಲ ಆಕಿ ಒಳಗ ಹೋಗ್ಲಿ."

ತರುಣ್ ಸುಗಲಮ್ಮನನ್ನು ಮತ್ತೆ ಕೇಳುತ್ತಾರೆ. ಈ ಸಲ ಮಾತು ದಾಟಿಸುವವನು ಚನ್ನಬಸಪ್ಪ. ತಿದ್ದಿದ್ದು ಗದಿಗೆಮ್ಮನ ಹೆಸರಿನೊಂದಿಗೇ ಹೋಗುತ್ತದೆ. ಕೊನೆಗೆ ಫ್ಯಾಕ್ಸಿನಲ್ಲಿ ಕಂಪನಿಯ ಒಪ್ಪಿಗೆ ಬರುತ್ತದೆ. ಸುಗಲಮ್ಮನ ಗಾಲಿಮಂಚವನ್ನು ತಳ್ಳುವವಳು ಗದಿಗೆಮ್ಮನೇ.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ, ನಿಮಗೇನು ಬೇಕು ಎಂದು ತರುಣ್ ಕೇಳಿದರೆ ಗದಿಗೆಮ್ಮ ಎದೆಯ ಮೇಲಿನ ಗುರುತಿನ ಚೀಟಿಯನ್ನು ಎತ್ತಿ ತೋರಿಸುತ್ತಾಳೆ.

"ಇದರಾಗ 'ಆಯಾ' ಅಂತ ಐತಲ್ರಿ, ಬಾಜೂಕ 'ಕನ್ನಡ' ಅಂತನೂ ಬರೀಲಿ. ಮಾತು ತಪ್ಪಿದ್ರ ಯಾರನ್ನ ಕೇಳಬೇಕು ಅಂಬೋದು ಗೊತ್ತಾಗ್ತೈತಿ."