ಲಕೋಟೆ ಇಲ್ಲದ ಕಾಗದ

ಆ ರವಿವಾರ ಹಿಮಾಯತ್‌ನಗರದ ನಮ್ಮ ಮನೆಯಲ್ಲಿ ನಾಲ್ವರು ಕೂತಿದ್ದೆವು. ನಮ್ಮ ಕನ್ನಡ ಬಳಗದ ಅಧ್ಯಕ್ಷರೂ ಬೇಗಂ ಬಜಾರಿನ ಪಾತ್ರೆ ವ್ಯಾಪಾರಿಗಳೂ ಆದ ಪಾಟೀಲರು. ಇಪ್ಪತ್ತು ವರ್ಷದಿಂದ ಬಳಗದ ಪ್ರತಿ ಕಾರ್ಯಕ್ರಮದಲ್ಲೂ ಪ್ರಾರ್ಥನೆ ಹಾಡುತ್ತ ಬಂದ ಶಾಂತಕ್ಕ. ನನ್ನ ಸೊಸೆ ಸ್ಮಿತಾ. ಮತ್ತು ಕಾರ್ಯದರ್ಶಿ ಎಂಬ ಹೆಸರಿನಲ್ಲಿ ಎಲ್ಲರಿಗೂ ಈಮೇಲ್ ಬರೆದು ಕಾಡುವ ನಾನು. ವಿಚಾರ ಒಂದೇ: ಇನ್ನು ಈಮೇಲ್ ಬೇಕೋ, ಬೇಡವೋ.

"ಮಾವಾರ, ನಿಮ್ಮ ಮೇಲ್ ಯಾರೂ ಪೂರ್ತಿ ಓದಂಗಿಲ್ಲರಿ," ಅಂದಳು ಸ್ಮಿತಾ.

ನಿಜವೇ. ನನಗೆ ಕಾಗದ ಬರೆಯಲು ಕಲಿಸಿದವರು ಅಜ್ಜ. ಮೊದಲು ನಮ್ಮ ಕ್ಷೇಮ, ಆಮೇಲೆ ಅವರ ಕ್ಷೇಮ, ಮಳೆ ಬೆಳೆ, ಹಿರಿಯರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ವಿಷಯ ಎಲ್ಲಿಗೆ ಓಡಿಹೋಗುತ್ತದೆ? ಮೂರನೆಯ ಮಹಡಿಯ ಫ್ಲಾಟಿನವರಿಗೂ ನಾನು ಬೆಳೆ ವಿಚಾರಿಸಿದವನು. ಸಭೆ ಐದಕ್ಕೋ ಆರಕ್ಕೋ ಎಂಬುದು ಎಲ್ಲೋ ಕೊನೆಗೆ ಬರುತ್ತಿತ್ತು.

"ಭಾಳ ಛಂದ ಬರೀತೀರಿ," ಅಂದರು ಪಾಟೀಲರು. "ಆದ್ರ ನೀವು ಮಳಿ-ಬೆಳಿಗೆ ಬರೂದ್ರಾಗ ನನಗ ಗಿರಾಕಿ ಬಂದಿರ್ತಾರ್ರಿ."

ಸ್ಮಿತಾ ತನ್ನ ಆಫೀಸಿನಲ್ಲಿ ಬಳಸುವಂಥದ್ದೇ ಒಂದು ಹಾಳೆಯನ್ನು ಫೋನಿನಲ್ಲಿ ತೆರೆದಳು. ರಾಜ್ಯೋತ್ಸವದ ಕೆಲಸವೆಲ್ಲ ಅದರಲ್ಲಿ: ಕುರ್ಚಿ ಯಾರು, ಚಹಾ ಯಾರು, ಪ್ರಾರ್ಥನೆ ಯಾರು. ಬಳಗದವರೆಲ್ಲ ನೋಡಬಹುದು, ಎಲ್ಲರೂ ಬರೆಯಬಹುದು.

"ತಿದ್ದಲಿಕ್ಕೂ ಬರತೈತೇನವಾ?" ಕೇಳಿದರು ಶಾಂತಕ್ಕ.

"ಯಾರು ಬೇಕಾದ್ರೂ ತಿದ್ದಬಹುದ್ರಿ."

ಮೂರೇ ದಿನದಲ್ಲಿ ನನಗೆ ಹುಚ್ಚು ಹಿಡಿಯಿತು. ಮುಗಿದ ಕೆಲಸಕ್ಕೆ ಟಿಕ್ ಹಾಕಿದೆ, ಮುಗಿಯದ್ದಕ್ಕೂ ಹಾಕಿದೆ. ಚಹಾದ ಮುಂದೆ 'ನನಗೆ ಸಕ್ಕರೆ ಕಡಿಮೆ' ಎಂದು ಬರೆದೆ. ಪ್ರತಿ ಸಾಲಿನ ಪಕ್ಕದಲ್ಲೂ ಟಿಪ್ಪಣಿಗೆ ಜಾಗವಿತ್ತು. ಪ್ರಾರ್ಥನೆಯ ಸಾಲಿನ ಪಕ್ಕ ನಾನು ಪಾಟೀಲರಿಗೊಂದು ಕಾಗದ ಬರೆದೆ. ಮೇಲೆ ಪಾಟೀಲರ ಹೆಸರಿದ್ದರೆ ಅದು ಪಾಟೀಲರಿಗೇ ಹೋಗುತ್ತದೆ ಎಂದು ಅರವತ್ತು ವರ್ಷ ನಂಬಿದವನು ನಾನು. ಕ್ಷೇಮ, ಮಳೆ, ಬೆಳೆ ಎಲ್ಲ ಮುಗಿದ ಮೇಲೆ ಹೀಗಿತ್ತು: 'ಶಾಂತಕ್ಕನವರ ದನಿ ಈಗ ಬಹಳ ನಡುಗುತ್ತದೆ. ಈ ಸಲ ಪ್ರಾರ್ಥನೆ ಬೇರೆಯವರಿಗೆ ಕೊಡೋಣ. ಹೇಳುವ ಧೈರ್ಯ ನನಗಿಲ್ಲ, ದಯಮಾಡಿ ನೀವೇ ಹೇಳಿ.' ಕೊನೆಯಲ್ಲಿ, ರೂಢಿಯಂತೆ, 'ಶಾಂತಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ.'

ಹತ್ತು ನಿಮಿಷಕ್ಕೆ ಪಾಟೀಲರ ಫೋನು. "ಕಾರ್ಯದರ್ಶಿಗಳ, ಅದು ನನಗಷ್ಟ ಬಂದಿಲ್ಲರಿ. ಬಳಗದವರೆಲ್ಲ ಓದ್ಯಾರ. ಈ ಸಲ ಪೂರ್ತಿ ಓದ್ಯಾರ."

ಅಳಿಸಿದೆ. ಓದಿದವರ ಮನಸ್ಸಿನಿಂದ ಅಳಿಸುವ ಗುಂಡಿ ಅದರಲ್ಲಿರಲಿಲ್ಲ. ಶಾಂತಕ್ಕನವರಿಗೆ ಎರಡು ಸಲ ಫೋನ್ ಹಚ್ಚಿ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಆಮೇಲೆ ಕ್ಷಮೆ ಕೇಳಿ ಮಾರುದ್ದದ ಈಮೇಲ್ ಬರೆದೆ. ಉತ್ತರ ಬರಲಿಲ್ಲ. ಅವರೂ ಮಳೆಯವರೆಗೆ ಮಾತ್ರ ಓದಿದರೋ ಏನೋ.

ಅಜ್ಜ ಕಾರ್ಡು ಬೇರೆ, ಲಕೋಟೆ ಬೇರೆ ಎನ್ನುತ್ತಿದ್ದರು. ಮೂಲೆಗೆ ಅರಿಶಿನ ಹಚ್ಚಿದ ಶುಭಕಾರ್ಯದ ಕಾರ್ಡನ್ನು ಟಪಾಲಿನವನೂ ಓದಿ ಸಂತೋಷಪಡಲಿ. ಮನಸ್ಸು ನೋಯುವಂಥದ್ದು ಲಕೋಟೆಯೊಳಗೆ ಹೋಗಲಿ. ಆ ಲೆಕ್ಕದಲ್ಲಿ ಕುರ್ಚಿ, ಚಹಾ, ಸಭೆಯ ವೇಳೆಗೆ ಈ ಹೊಸ ಹಾಳೆಯೇ ವಾಸಿ. ನನ್ನ ಈಮೇಲಿಗೆ ಯಾರೂ ಅಳಬೇಕಿಲ್ಲ. ಆದರೆ ಹಾಳೆಗೆ ಲಕೋಟೆಯಿಲ್ಲ, ಈಮೇಲಿಗಿದೆ. ಅದಕ್ಕೇ ಈಮೇಲ್ ಉಳಿಯಲಿ ಎಂದು ವಾದಿಸಲು ಹೊರಟು ನಡುವೆ ನಿಂತೆ. ನಾನು ಬರೆದದ್ದು ಲಕೋಟೆಯೊಳಗಿದ್ದರೂ ಹೇಡಿಯ ಕಾಗದವೇ. ಶಾಂತಕ್ಕನವರ ಮನೆ ನನ್ನ ಮನೆಯಿಂದ ಎರಡೇ ಗಲ್ಲಿ ದೂರ.

ವಾರದ ನಂತರ, ಆ ಹಾಳೆಯನ್ನೇ ನೋಡಿ ಅಚ್ಚುಹಾಕಿಸಿದ ಆಮಂತ್ರಣ ಬಂತು. ಪ್ರಾರ್ಥನೆ ಎಂಬಲ್ಲಿ ನನ್ನ ಹೆಸರಿತ್ತು. ಯಾರು ಏನು ತಿದ್ದಿದರೆಂದು ಹಾಳೆ ನೆನಪಿಟ್ಟಿರುತ್ತದಂತೆ. ಸ್ಮಿತಾ ನೋಡಿ ಹೇಳಿದಳು, "ಶಾಂತಕ್ಕಾರ ತಾವ ಬದಲಿ ಮಾಡ್ಯಾರ್ರಿ ಮಾವಾರ. ತಮ್ಮ ಹೆಸರು ಚಹಾಕ್ಕ ಹಾಕ್ಕೊಂಡಾರ."

ರಾಜ್ಯೋತ್ಸವದ ದಿನ ಹಾಡಲು ನಿಂತೆ. ಮೊದಲ ಸಾಲಿಗೇ ದನಿ ನಡುಗಿತು. ಎರಡನೆಯ ನುಡಿ ಮರೆತೇಹೋಯಿತು. ಆಗ ಹಿಂದಿನ ಚಹಾದ ಮೇಜಿನ ಕಡೆಯಿಂದ ಇನ್ನೊಂದು ನಡುಗುವ ದನಿ ಆ ನುಡಿಯನ್ನು ಎತ್ತಿಕೊಂಡಿತು. ಇಬ್ಬರೂ ಕೂಡಿ ಮುಗಿಸಿದೆವು.

ಕಾರ್ಯಕ್ರಮವಾದ ಮೇಲೆ ಶಾಂತಕ್ಕ ನನ್ನ ಕೈಗೆ ಕಪ್ಪು ಕೊಟ್ಟರು.

"ಸಕ್ಕರಿ ಕಡಿಮಿ ಹಾಕೀನ್ರಿ," ಅಂದರು. "ನೀವು ಬರದದ್ದು ಎಲ್ಲಾ ಓದೀನಿ."