ಬ್ಯಾಟರಿ ಮತ್ತು ಲಟ್ಟಣಿಗೆ

ಬಸ್ ಡಿಪೋದ ಬ್ಯಾಟರಿ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಮೊದಲು ನೆಗೆಟಿವ್ ಬಿಚ್ಚಬೇಕು, ಆಮೇಲೆ ಪಾಸಿಟಿವ್, ಜೋಡಿಸುವಾಗ ತಿರುಗುಮುರುಗು. ಅದಕ್ಕೂ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು.

ಮಗಳು ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಮೇಲೆ ಹೊರದೇಶದ ಎಷ್‌ಬಾರ್ನ್‌ನಲ್ಲಿ ಕೆಲಸಕ್ಕಿದ್ದಳು. ಅವಳ ಮನೆಯಲ್ಲಿ ಮೂರು ತಿಂಗಳಿದ್ದ ನಾವು ಗಂಡ-ಹೆಂಡತಿ, ಆರು ವಾರದ ರಜೆಗೆ ಅವಳನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೊರಟಿದ್ದೆವು. ಅಷ್ಟು ದಿನ ನಿಲ್ಲುವ ಕಾರಿನ ಬ್ಯಾಟರಿ ಇಳಿಯದಂತೆ ಬಿಚ್ಚಿಡುವುದು ನನ್ನ ಪಟ್ಟಿಯ ಕೊನೆಯ ಕೆಲಸ. ಅದೇ ಪಟ್ಟಿಯಲ್ಲಿ, ತೂಕ ಹೆಚ್ಚಾಯಿತೆಂದು, ಹೆಂಡತಿ ಊರಿನಿಂದ ತಂದಿದ್ದ ಲಟ್ಟಣಿಗೆಯ ಹೆಸರಿನ ಮೇಲೆ ಗೀಟು ಎಳೆದಿದ್ದೆ. ಪೆಟ್ಟಿಗೆಯಲ್ಲಿ ನನ್ನ ಹೊಸ ಸ್ಪ್ಯಾನರ್ ಸೆಟ್ಟಿಗೆ ಜಾಗ ಬೇಕಿತ್ತು.

ಆ ಕಾರಿನ ಬ್ಯಾಟರಿ ಇದ್ದದ್ದು ಡಿಕ್ಕಿಯಲ್ಲಿ. ಉಂಗುರ, ಗಡಿಯಾರ, ಕಬ್ಬಿಣದ ಬಕಲ್ಲಿನ ಸೊಂಟದ ಚೀಲ ಎಲ್ಲ ಬಿಚ್ಚಿ ಡಿಕ್ಕಿಯ ಮೂಲೆಯಲ್ಲಿಟ್ಟೆ. ನೆಗೆಟಿವ್ ಬಿಚ್ಚಿದೆ, ಪಾಸಿಟಿವ್ ಬಿಚ್ಚಿದೆ, ತಂತಿಗಳಿಗೆ ಬಟ್ಟೆ ಸುತ್ತಿದೆ. ಕೆಲಸ ಮುಗಿದ ಕೂಡಲೇ ಮುಚ್ಚಬೇಕೆಂಬುದೂ ಡಿಪೋದ ನಿಯಮವೇ. ಡಿಕ್ಕಿ ಮುಚ್ಚಿದೆ.

ಸೊಂಟದ ಚೀಲ ಒಳಗೇ ಉಳಿಯಿತು. ಅದರಲ್ಲಿ ಮೂವರ ಪಾಸ್‌ಪೋರ್ಟುಗಳೂ ಇದ್ದವು.

ಮಗಳು ಓಡಿಬಂದು ಕೀಲಿಯ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು.

"ಅಪ್ಪಾ, ಡಿಕ್ಕಿ ಕರೆಂಟಿನ ಮ್ಯಾಲ ತೆಗೀತೈತ್ರಿ! ಎಸ್-ಬಾನ್ ರೈಲಿಗೆ ಇಪ್ಪತ್ತs ನಿಮಿಷ ಐತಿ. ಅದು ತಪ್ಪಿದ್ರ ವಿಮಾನನೂ ತಪ್ಪಿತ್ರಿ!"

ಕೀಲಿಯೊಳಗೆ ಅಡಗಿದ್ದ ಸಣ್ಣ ಲೋಹದ ಕೀಲಿಯಿಂದ ಮುಂದಿನ ಬಾಗಿಲು ಮಾತ್ರ ತೆರೆಯಿತು. ಹಿಂದಿನ ಸೀಟಿನ ನಡುವೆ, ಡಿಕ್ಕಿಯತ್ತ ಒಂದು ಕಿಂಡಿ. ಕೈ ತೂರಿಸಿದೆ, ಚೀಲ ಎರಡು ಗೇಣು ದೂರ. ಮಗಳು ಅಡುಗೆಮನೆಯಿಂದ ಇಕ್ಕಳ ತಂದಳು.

"ಕಬ್ಬಿಣ ಬ್ಯಾಡ! ಅಲ್ಲಿ ಬ್ಯಾಟರಿ ಐತಿ!" ಎಂದು ಕೂಗಿದೆ.

ಹೆಂಡತಿ ಮೇಲೆ ಮನೆಗೆ ಹೋಗಿ ಬಂದಳು. ಕೈಯಲ್ಲಿ ಲಟ್ಟಣಿಗೆ.

"ರೀ, ಈ ಕಡೆ ಸರೀರಿ. ಇದು ಕಟಗೀದು. ಬಳಿ ಗಾಜಿನವು. ಅವನ್ನೂ ತೆಗೀಬೇಕೇನು?"

"ಬ್ಯಾಡ," ಎಂದೆ.

ಭುಜದವರೆಗೆ ತೋಳು ತೂರಿಸಿ, ಚೀಲದ ಪಟ್ಟಿಯನ್ನು ಲಟ್ಟಣಿಗೆಗೆ ಸುತ್ತಿ, ಮೂರನೆಯ ಎಳೆತಕ್ಕೆ ಹೊರಗೆ ತಂದಳು. ಉಂಗುರ, ಗಡಿಯಾರ ಆರು ವಾರ ಅಲ್ಲೇ ಇದ್ದವು.

ಓಡುವ ಮೊದಲು ಪೆಟ್ಟಿಗೆ ಬಿಚ್ಚಿ ಸ್ಪ್ಯಾನರ್ ಸೆಟ್ಟನ್ನು ಹೊರತೆಗೆದೆ.

"ಅಯ್ಯ, ಅದ್ಯಾಕ್ರಿ?" ಎಂದಳು ಹೆಂಡತಿ.

"ತೂಕ ಹೆಚ್ಚಾಗೈತಿ. ಕೊಡು ಇಲ್ಲಿ ಲಟ್ಟಣಿಗಿ."